ಶ್ಯಾಮನ ಇಂಗ್ಲಿಷ್ ಮದ್ದಳೆ

ನಾಯ್ಮಾರ್ಮೂಲೆಯ ಪೈಂಟ್ ಅಂಗಡಿಯ ಶ್ಯಾಮನಿಗೆ ಇಂಗ್ಲಿಷ್ ಬರುತ್ತದೆ ಎಂಬ ಸುದ್ದಿಯನ್ನು ಮೊದಲು ಹಬ್ಬಿಸಿದವನು ಶ್ಯಾಮನೇ. ಆಮೇಲೆ ಆ ಸುದ್ದಿಯ ಮರ್ಯಾದೆ ಉಳಿಸಲು ಅವನು ಪಟ್ಟ ಪಾಡು ದೇವರಿಗೇ ಪ್ರೀತಿ.

ಕಾಸರಗೋಡು ಬೇರೆ ಜಿಲ್ಲೆಯಾಗಿ ಆಗ ಹೆಚ್ಚು ಕಾಲ ಆಗಿರಲಿಲ್ಲ. ಹೊಸ ಹೊಸ ಆಫೀಸುಗಳು ಬಂದವು, ಅವುಗಳ ಹಿಂದೆಯೇ ದಕ್ಷಿಣದಿಂದ ಹೊಸ ಹೊಸ ಆಫೀಸರುಗಳೂ ಬಂದರು. ನಮ್ಮವರು ಕನ್ನಡದಲ್ಲಿ ಬರೆದುಕೊಟ್ಟರೆ ಅವರಿಗೆ ಓದಲು ಬಾರದು, ಅವರು ಮಲಯಾಳದಲ್ಲಿ ಬರೆದುಕೊಟ್ಟರೆ ನಮ್ಮವರಿಗೆ ಓದಲು ಬಾರದು. ಎರಡೂ ಕಡೆಯವರಿಗೆ ಸರಿಸಮನಾಗಿ ಬಾರದ ಭಾಷೆ ಇಂಗ್ಲಿಷ್ ಒಂದೇ ಆಗಿದ್ದುದರಿಂದ, ಯಾರಿಗೂ ಅನ್ಯಾಯವಾಗದ ಹಾಗೆ ವ್ಯವಹಾರವೆಲ್ಲ ಅದರಲ್ಲಿ ನಡೆಯುತ್ತಿತ್ತು. ಹೀಗಿರುವಾಗ ನಾಲ್ಕು ವಾಕ್ಯ ಇಂಗ್ಲಿಷ್ ಬಲ್ಲವನಿಗೆ ಊರಿನಲ್ಲಿ ಏನು ಬೆಲೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕರೆಂಟಿನ ಕಂಬ ಬೇಕೆಂದರೂ ಅವನೇ ಬೇಕು, ಬಂದ ಕಂಬ ತಪ್ಪು ಜಾಗದಲ್ಲಿ ನಿಂತರೆ ತೆಗೆಸಲಿಕ್ಕೂ ಅವನೇ ಬೇಕು.

ಶ್ಯಾಮನಿಗೆ ಮೂವತ್ತು ದಾಟಿತ್ತು. ಮಂಗಲ್ಪಾಡಿಯಲ್ಲಿ ಅಕ್ಕ ಪಂಕಜಾಕ್ಷಿಯ ಮನೆಯಲ್ಲಿದ್ದುಕೊಂಡು ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಅಕ್ಕ ಅವನಿಗೆ ನೋಡಿದ ಹುಡುಗಿಯರಿಗೆ ಲೆಕ್ಕವಿಲ್ಲ. ಎಲ್ಲ ಮನೆಗಳಲ್ಲೂ ಮಾತು ಚೆನ್ನಾಗಿಯೇ ಶುರುವಾಗಿ, “ಹುಡುಗನಿಗೆ ಕೆಲಸ?” ಎಂಬಲ್ಲಿಗೆ ಬಂದು, “ಓ, ಪೈಂಟ್ ಅಂಗಡಿಯಾ” ಎಂಬಲ್ಲಿಗೆ ಮುಗಿಯುತ್ತಿತ್ತು. ಆ ‘ಓ’ ಕೇಳಿ ಕೇಳಿ ಪಂಕಜಾಕ್ಷಿಗೆ ಸಾಕಾಗಿತ್ತು. ಶ್ಯಾಮ ಮಾತ್ರ ತನಗೇನೂ ಆಗಿಲ್ಲ ಎಂಬಂತೆ ಡಬ್ಬಗಳ ಧೂಳು ಒರೆಸುತ್ತಿದ್ದ. ಒರೆಸುವಾಗ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒಂದೇ ಡಬ್ಬ ಒರೆಸುತ್ತಿದ್ದ ಎನ್ನುವುದು ಬೇರೆ ಮಾತು.

ಒಂದು ದಿನ ಅಂಗಡಿಗೆ ನೆಕ್ರಾಜೆಯಿಂದ ಮಹಾಲಿಂಗ ಎಂಬ ಹಿರಿಯರು ಬಂದರು. ಬೊಂಬಾಯಿಯ ಯಾವುದೋ ಆಫೀಸಿನಲ್ಲಿ ದುಡಿದು, ನಿವೃತ್ತರಾಗಿ, ಗಂಡನನ್ನು ಕಳೆದುಕೊಂಡ ತಂಗಿ ಶಂಕರಿಯ ಮನೆಯಲ್ಲಿ ನೆಲೆಸಿದವರು. ಗೇಟಿಗೆ ಬಣ್ಣ ಬೇಕಿತ್ತು. ಜೊತೆಯಲ್ಲಿ ಬಣ್ಣ ಆರಿಸಲಿಕ್ಕೆ ತಂಗಿಯ ಮಗಳು ವಸುಮತಿ ಇದ್ದಳು.

“ನೀಲಿ ಇಲ್ಲವಾ?” ಎಂದು ಆ ಹುಡುಗಿ ಕೇಳಿದಳು.

ಕೇಳಿದ್ದು ಅಷ್ಟೇ. ಆದರೆ ಅಂಗಡಿಯಲ್ಲಿ ನೀಲಿ ಬಣ್ಣ ಇಲ್ಲದಿರುವುದು ಇಷ್ಟು ದೊಡ್ಡ ಅಪರಾಧವೆಂದು ಶ್ಯಾಮನಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಅವನ ಪುಣ್ಯಕ್ಕೋ ಪಾಪಕ್ಕೋ, ಅದೇ ಹೊತ್ತಿಗೆ ಮದ್ರಾಸಿನ ಕಂಪೆನಿಯ ಏಜೆಂಟು ಮೂಲೆಯ ಸ್ಟೂಲಿನಲ್ಲಿ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ. ಶ್ಯಾಮ ಅವನತ್ತ ತಿರುಗಿದ. ಎದೆ ಉಬ್ಬಿಸಿದ.

“ವಿ ಆರ್ ವೇಯ್ಟಿಂಗ್…” ಎಂದ. ಅಲ್ಲಿಗೆ ನಿಂತ. ಅವನ ಬಲಗೈ ತನ್ನಷ್ಟಕ್ಕೆ ಎದ್ದು ಹತ್ತಿರದ ಪೈಂಟ್ ಡಬ್ಬದ ಮೇಲೆ ಬಿತ್ತು. ಧೋಂ! “…ಫಾರ್ ಬ್ಲೂ ಪೈಂಟ್! ಪ್ಲೀಸ್ ಲುಕ್…” ಒಂದು ಬೆರಳು ಡಬ್ಬದ ಅಂಚಿಗೆ ಟಿಣ್ ಎಂದಿತು. “…ಎಟ್ ದಿಸ್ ಶೆಲ್ಫ್! ಯು ಆರ್ ನಾಟ್ ಲಿಸನಿಂಗ್…” ಎರಡು ಬೆರಳು, ಟಕ ಟಕ. “…ಟು ಅಸ್!”

ಏಜೆಂಟು ಗಾಬರಿಯಿಂದ ಎದ್ದು ನಿಂತು “ಯೆಸ್ ಸರ್” ಎಂದ. ಆ ಅಂಗಡಿಯಲ್ಲಿ ಶ್ಯಾಮನನ್ನು ಯಾರಾದರೂ ಸರ್ ಎಂದದ್ದು ಅದೇ ಮೊದಲು. ವಸುಮತಿ ಕೊಡೆಯ ಹಿಡಿಯನ್ನು ಬಾಯಿಗೆ ಒತ್ತಿಕೊಂಡು ಆಚೆ ತಿರುಗಿದಳು. ಅವಳ ಭುಜ ಅಲುಗುತ್ತಿತ್ತು. ಮೆಚ್ಚುಗೆಯಿಂದ ಮೈ ನಡುಗುವುದುಂಟು ಎಂದು ಶ್ಯಾಮ ಎಲ್ಲೋ ಓದಿದ್ದ.

ಮಹಾಲಿಂಗರು ಕನ್ನಡಕ ತೆಗೆದು, ಒರೆಸಿ, ಪುನಃ ಹಾಕಿಕೊಂಡು ಅವನನ್ನು ನೋಡಿದರು.

“ಇಂಗ್ಲಿಷ್ ಎಲ್ಲರೂ ಮಾತಾಡ್ತಾರೆ. ವೇಯ್ಟ್ ಆದ ಮೇಲೆ ಎಂತ, ಲುಕ್ ಆದ ಮೇಲೆ ಎಂತ, ಆ ಸಣ್ಣ ಶಬ್ದದಲ್ಲಿ ಉಂಟು ಮನುಷ್ಯನ ಯೋಗ್ಯತೆ. ಬೊಂಬಾಯಿಯ ನಮ್ಮ ಆಫೀಸಿನಲ್ಲಿಯೇ ಅದು ಸರಿ ಹಾಕುವವರು ಇರಲಿಲ್ಲ ಮಾರಾಯರೆ. ನಿಮ್ಮ ಮನೆ ಎಲ್ಲಿ? ಮದುವೆ ಆಗಿದೆಯಾ?”

ಹೀಗೆ ಶುರುವಾಯಿತು.

ಆ ಸಣ್ಣ ಶಬ್ದಗಳ ಹಿಂದೆ ಒಂದು ಕಥೆ ಉಂಟು. ಅದನ್ನು ಹೇಳದೆ ಮುಂದೆ ಹೋದರೆ ಉರ್ಸುಲಾ ಟೀಚರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಶ್ಯಾಮ ಕಲಿತದ್ದು ಮಂಗಲ್ಪಾಡಿಯ ಒಂದು ಶಾಲೆಯಲ್ಲಿ. ಆ ತರಗತಿಯಲ್ಲಿ ಒಂದು ಬೆಂಚಿನವರ ಮನೆಮಾತು ತುಳು, ಮತ್ತೊಂದರವರದು ಮಲಯಾಳ, ಕಿಟಕಿಯ ಬದಿಯವರದು ಬ್ಯಾರಿ, ಬಾಗಿಲ ಬದಿಯವರದು ಕೊಂಕಣಿ. ಕನ್ನಡವನ್ನೇ ಶಾಲೆಗೆ ಬಂದು ಕಲಿತವರಿಗೆ ಅದರ ಮೇಲೆ ಇಂಗ್ಲಿಷ್. ಮಿಕ್ಕ ವಿಷಯಗಳಲ್ಲಿ ಜಗಳಾಡುತ್ತಿದ್ದ ಈ ಭಾಷೆಗಳು ಒಂದು ವಿಷಯದಲ್ಲಿ ಮಾತ್ರ ಒಗ್ಗಟ್ಟಾಗಿದ್ದವು. ನಮ್ಮಲ್ಲಿ ‘ಗೆ’, ‘ಅನ್ನು’, ‘ಇಂದ’ ಎಲ್ಲ ಹೆಸರಿನ ಹಿಂದೆ ಬಾಲದ ಹಾಗೆ ಅಂಟಿಕೊಂಡಿರುತ್ತವೆ. ಇಂಗ್ಲಿಷಿನಲ್ಲಿ ಬಾಲ ಬೇರೆ, ದನ ಬೇರೆ. ಅದೂ ಬಾಲ ದನದ ಮುಂದೆ ನಡೆಯುತ್ತದೆ, ಯಾವ ಬಾಲ ಎಂದು ಹೇಳುವುದು ಅದಕ್ಕೂ ಮುಂದಿರುವ ಕ್ರಿಯಾಪದ. ಮಕ್ಕಳು ಬಸ್ಸಿಗೆ ‘ವೇಯ್ಟ್ ಟು’ ಮಾಡಿದರು, ಹಕ್ಕಿಯ ಮೇಲೆ ‘ಲುಕ್ ಆನ್’ ಮಾಡಿದರು. ಉರ್ಸುಲಾ ಟೀಚರು ಬೋರ್ಡಿನಲ್ಲಿ ಬರೆದರು, ಬಾಯಿಪಾಠ ಮಾಡಿಸಿದರು, ಇಗರ್ಜಿಯಲ್ಲಿ ಮೇಣದ ಬತ್ತಿಯನ್ನೂ ಹಚ್ಚಿದರು. ಏನೂ ಆಗಲಿಲ್ಲ.

ಅದೇ ಶಾಲೆಯ ಹಾಲಿನಲ್ಲಿ ಸಂಜೆ ಹೊತ್ತು ಯಕ್ಷಗಾನದ ಚೆಂಡೆ ಮದ್ದಳೆಯ ಪಾಠ ನಡೆಯುತ್ತಿತ್ತು. ಶ್ಯಾಮ ಪಾಠಕ್ಕೆ ಸೇರಿದವನಲ್ಲ, ಕಿಟಕಿಯಲ್ಲಿ ನಿಂತು ಕೇಳಿದವನು. ಒಂದು ಮಧ್ಯಾಹ್ನ ಟೀಚರ್ ‘ವೇಯ್ಟ್’ ಎಂದಾಗ ಅವನು ಬೆಂಚಿನ ಮೇಲೆ ನಿದ್ದೆಗಣ್ಣಿನಲ್ಲಿ ಧೋಂ ಎಂದು ಬಾರಿಸಿದ. ತರಗತಿಯಿಡೀ ಬೆತ್ತಕ್ಕಾಗಿ ಕಾದಿತು. ಟೀಚರ್ ಬೆತ್ತ ತೆಗೆಯಲಿಲ್ಲ. “ಇನ್ನೊಮ್ಮೆ ಬಾರಿಸು ಪುತಾ” ಎಂದರು, ತಮ್ಮ ಕೊಂಕಣಿಯಲ್ಲಿ ಮಗನೇ ಎಂದು. ಅವನು ಬಾರಿಸಿದ. “ಅದೇ ‘ಫಾರ್’. ಇನ್ನು ಮರೆಯುವವರು ಯಾರು ನೋಡ್ತೇನೆ” ಎಂದರು.

ಮರುದಿನದಿಂದ ಇಂಗ್ಲಿಷ್ ಪಾಠವೆಂದರೆ ಹಬ್ಬ. ‘ಫಾರ್’ಗೆ ಅಂಗೈ, ಧೋಂ. ‘ಎಟ್’ಗೆ ಒಂದು ಬೆರಳು, ಟಿಣ್. ‘ಟು’ವಿಗೆ ಎರಡು ಬೆರಳು, ಟಕ ಟಕ. ‘ಆನ್’ಗೆ ಎರಡೂ ಕೈ ಒಟ್ಟಿಗೆ, ಧಡ್. ಟೀಚರ್ ದಿನಾ ಅದೇ ಕ್ರಮದ ಒಂದೇ ಸಾಲಿನಲ್ಲಿ ಕ್ರಿಯಾಪದ ಕೂಗುತ್ತಾ ಹೋಗುವುದು, ಮಕ್ಕಳು ಬೆಂಚಿನಲ್ಲಿ ಉತ್ತರ ಬಾರಿಸುವುದು. ವೇಯ್ಟ್, ಧೋಂ. ಲುಕ್, ಟಿಣ್. ಲಿಸನ್, ಟಕ ಟಕ. ಡಿಪೆಂಡ್, ಧಡ್. ಪಕ್ಕದ ತರಗತಿಯ ಗಣಿತದ ಮಾಸ್ಟರು ವರ್ಗಾವಣೆ ಕೇಳಿಕೊಂಡು ಹೋದರಂತೆ, ಸುಳ್ಳೋ ನಿಜವೋ ಗೊತ್ತಿಲ್ಲ.

ಕೆಲವು ಕ್ರಿಯಾಪದಗಳು ಮಾತ್ರ ಸ್ವಾಭಿಮಾನಿಗಳು. ಅವಕ್ಕೆ ಹಿಂದೆ ಯಾರ ಆಸರೆಯೂ ಬೇಡ. ‘ಎಂಟರ್’, ‘ಡಿಸ್ಕಸ್’, ‘ರೀಚ್’, ಹೀಗೆ. ಅಂಥದ್ದು ಬಂದಾಗ “ಕೈ ಕಟ್ಟಿ!” ಎಂದು ಟೀಚರ್ ಹೇಳುವರು, ತರಗತಿಯೆಲ್ಲ ಎದೆಗೆ ಕೈ ಕಟ್ಟಿ ಉಸಿರು ಬಿಡದೆ ಕುಳಿತಿರಬೇಕು. ಬಾರಿಸುವ ಖುಷಿಯಲ್ಲಿ ಶ್ಯಾಮನ ಕೈ ಯಾವಾಗಲೂ ಮುಂದೆ ಹೋಗುತ್ತಿತ್ತು. ಆದ್ದರಿಂದ ಕೈ ಕಟ್ಟುವ ಪಾಠಗಳನ್ನೆಲ್ಲ ಅವನು ಬೆಂಚಿನ ಮೇಲೆ ನಿಂತೇ ಕಲಿತ, ಅಥವಾ ಕಲಿಯಲಿಲ್ಲ. ಅಂಥ ಒಂದು ಶಬ್ದಕ್ಕೆ ಹುಡುಗಿಯರೆಲ್ಲ ಕಿಸಕ್ಕೆಂದು ನಕ್ಕದ್ದು ನೆನಪಿತ್ತು. ಶಬ್ದ ಯಾವುದೆಂದು ನೆನಪಿರಲಿಲ್ಲ.

ಟೀಚರಿಗೆ ಒಳನಾಡಿನ ಯಾವುದೋ ಶಾಲೆಗೆ ವರ್ಗವಾದ ದಿನ ಮಕ್ಕಳು ರಸ್ತೆಯವರೆಗೆ ಬಂದರು. ಬಸ್ಸು ಹೊರಟಾಗ ಯಾರೋ ಅದರ ಹಿಂಭಾಗದ ತಗಡಿಗೆ ಧೋಂ ಎಂದು ಹೊಡೆದರು. ಶ್ಯಾಮ ಅತ್ತ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ. ಮೂವತ್ತು ದಾಟಿದ ಮೇಲೂ ಕೈ ಆಡಿಸದೆ ಒಂದು ವಾಕ್ಯ ಇಂಗ್ಲಿಷ್ ಬರುವುದಿಲ್ಲ ಎಂದು ಯಾರು ತಾನೆ ಹೇಳಿಕೊಳ್ಳುತ್ತಾರೆ?

ಈಗ ನೆಕ್ರಾಜೆಯಿಂದ ಹೇಳಿಕೆ ಬಂತು. ಮುಂದಿನ ಆದಿತ್ಯವಾರ ಹುಡುಗಿ ನೋಡಲಿಕ್ಕೆ ಬರಬಹುದು, ಪೈಂಟ್ ಅಂಗಡಿಯಾದರೂ ಅಡ್ಡಿಯಿಲ್ಲ, ಇಂಗ್ಲಿಷ್ ಬರುತ್ತದಲ್ಲ ಎಂದು. ಮಹಾಲಿಂಗರು ಎರಡು ಮಾತು ಇಂಗ್ಲಿಷಿನಲ್ಲಿ ಆಡಿ ನೋಡುತ್ತಾರೆ, ಅಷ್ಟೆ.

ಪಂಕಜಾಕ್ಷಿ ದೇವರಿಗೆ ದೀಪ ಇಟ್ಟಳು. ಶ್ಯಾಮ ಡಬ್ಬ ಇಟ್ಟ. ಗಿರಾಕಿಗಳಿಲ್ಲದ ಹೊತ್ತು ನೋಡಿ ಪೈಂಟ್ ಡಬ್ಬಗಳನ್ನು ಸಾಲಾಗಿ ಇಟ್ಟು, ತುಟಿಯಲ್ಲೇ ಕ್ರಿಯಾಪದ ಗುನುಗುತ್ತಾ, ಟೀಚರ್ ಹೇಳಿಸುತ್ತಿದ್ದ ಸಾಲನ್ನು ಬಾರಿಸಿ ಬಾರಿಸಿ ನೆನಪಿಗೆ ತಂದುಕೊಳ್ಳತೊಡಗಿದ. ಧೋಂ, ಟಿಣ್, ಟಕ ಟಕ, ಧಡ್. ವಸುಮತಿಯ ಅಲುಗುವ ಭುಜ ಕಣ್ಣ ಮುಂದೆ ಇತ್ತು. ಈ ಸಲವೂ ‘ಓ’ ಎಂದು ಕೇಳಿಸಿದರೆ ತಡೆದುಕೊಳ್ಳುವ ಶಕ್ತಿ ತನಗಿಲ್ಲ ಎಂದು ಅವನಿಗೆ ಖಚಿತವಾಗಿತ್ತು.

ಪಕ್ಕದ ಚಾ ಅಂಗಡಿಯ ಕುಂಞ ಎರಡು ದಿನ ನೋಡಿದ. ಮೂರನೆಯ ದಿನ ಗ್ಲಾಸು ತೊಳೆಯುವುದನ್ನು ಬಿಟ್ಟು ಬಂದ.

“ಎಂತ ಶ್ಯಾಮಣ್ಣ ಇದು?”

ಶ್ಯಾಮನ ಮುಖ ರೆಡ್ ಆಕ್ಸೈಡಿನ ಬಣ್ಣಕ್ಕೆ ತಿರುಗಿತು. “ಇದು… ಮದ್ದಳೆ” ಎಂದುಬಿಟ್ಟ.

“ಮದ್ದಳೆಯಾ! ನೀವು ಬಾರಿಸ್ತೀರಾ?”

“ಹೀಗೇ… ಸ್ವಲ್ಪ.”

ಲೋಕದಲ್ಲಿ ಎಷ್ಟೋ ಅನಾಹುತಗಳು ‘ಸ್ವಲ್ಪ’ ಎಂಬ ಮಾತಿನಿಂದ ಆಗಿವೆ. ಕುಂಞನ ಲೆಕ್ಕದಲ್ಲಿ ನಿಜವಾದ ವಿದ್ವಾಂಸ ಮಾತ್ರ ಸ್ವಲ್ಪ ಎನ್ನುತ್ತಾನೆ.

ಅದೇ ವಾರ ಮಹಾಲಿಂಗರು ಹುಡುಗನ ಗುಣ ವಿಚಾರಿಸಲೆಂದು ಯಾರಿಗೂ ಗೊತ್ತಾಗದ ಹಾಗೆ ನಾಯ್ಮಾರ್ಮೂಲೆಗೆ ಬಂದರು. ಹೆಣ್ಣಿನ ಕಡೆಯವರು ವಿಚಾರಿಸುವುದು ಚಾ ಅಂಗಡಿಯಲ್ಲಿ, ಚಾ ಅಂಗಡಿಯವನಿಗೆ ಅದು ಗೊತ್ತಾಗುವುದು ಅವರು ಕುಳಿತ ಕೂಡಲೆ. ಇದು ನಮ್ಮ ಕಡೆಯ ಪದ್ಧತಿ.

“ಆ ಪೈಂಟ್ ಅಂಗಡಿಯ ಹುಡುಗ ಹೇಗೆ?” ಎಂದು ಅವರು ಚಾ ಊದುತ್ತಾ ಕೇಳಿದರು. “ಇಂಗ್ಲಿಷ್ ಒಳ್ಳೆ ಮಾತಾಡ್ತಾನಂತೆ.”

“ಇಂಗ್ಲಿಷ್ ಬಿಡಿ ಸ್ವಾಮಿ” ಎಂದ ಕುಂಞ. ನೆರೆಯವನಿಗೆ ಉಪಕಾರ ಮಾಡುವಾಗ ಅವನು ಕೈ ಹಿಡಿಯುವವನಲ್ಲ. “ಅವರ ಮದ್ದಳೆ ಕೇಳಬೇಕು ನೀವು. ಬರೀ ಡಬ್ಬದಲ್ಲಿ ಬಾರಿಸಿದ್ರೆ ನನ್ನ ಅಂಗಡಿಯಲ್ಲಿ ಕೂತವರು ಎದ್ದು ಹೋಗುದಿಲ್ಲ. ಶ್ಯಾಮಣ್ಣ ಊಟ ಬಿಡ್ತಾರೆ, ಬಾರಿಸುದು ಬಿಡುದಿಲ್ಲ. ದೊಡ್ಡ ಮೇಳದವರು ಬಂದು ಕೇಳಿ ಹೋಗಿದ್ದಾರೆ!”

ಮೇಳದವರು ಬಂದದ್ದು ನಿಜ. ಬಂದದ್ದು ವೇಷದ ಪೆಟ್ಟಿಗೆಗೆ ಹಚ್ಚಲಿಕ್ಕೆ ಹಸಿರು ಪೈಂಟು ಕೇಳಲು.

ಮಹಾಲಿಂಗರ ಕಣ್ಣು ತುಂಬಿತು. ಬೊಂಬಾಯಿಯಲ್ಲಿದ್ದಷ್ಟು ಕಾಲ ಅವರು ಊರಿನ ಅನ್ನಕ್ಕಿಂತ ಹೆಚ್ಚು ಹಂಬಲಿಸಿದ್ದು ಊರಿನ ಯಕ್ಷಗಾನದ ಆಟಕ್ಕೆ. ಇಂಗ್ಲಿಷೂ ಮದ್ದಳೆಯೂ ಒಂದೇ ದೇಹದಲ್ಲಿ! ಅವರು ಅರ್ಧ ಚಾ ಬಿಟ್ಟು ಬಸ್ಸು ಹತ್ತಿದರು.

ಮನೆಯಲ್ಲಿ ತಂಗಿ ಶಂಕರಿ ಇದನ್ನು ಕೇಳಿ ತಲೆಯ ಮೇಲೆ ಕೈ ಹೊತ್ತಳು. “ಬೇಡಪ್ಪ ಬೇಡ. ಮಳೆ ನಿಂತರೆ ಮೇಳ, ಮಳೆ ಬಂದರೆ ನಿದ್ರೆ. ವರ್ಷದಲ್ಲಿ ಆರು ತಿಂಗಳು ಗಂಡ ಎಲ್ಲಿದ್ದಾನೆ ಅಂತ ಆಟದ ನೋಟೀಸಿನಲ್ಲಿ ನೋಡಬೇಕು. ನನ್ನ ಮಗಳನ್ನು ನಾನು ಮೇಳಕ್ಕೆ ಕೊಡುವುದಿಲ್ಲ.”

“ಬರಲಿ ಅಮ್ಮ” ಎಂದಳು ವಸುಮತಿ.

“ಬಂದು?”

“ಬಾರಿಸಲಿ. ಕೇಳುವ.”

ಇಷ್ಟು ಹೇಳಿ ಅವಳು ಪುನಃ ಆಚೆ ತಿರುಗಿದಳು.

ಆದಿತ್ಯವಾರ ಮಧ್ಯಾಹ್ನ ಶ್ಯಾಮ ಅಕ್ಕನ ಜೊತೆ ನೆಕ್ರಾಜೆಯಲ್ಲಿ ಬಸ್ಸಿಳಿದ. ಗೇಟು ಕಂಡಿತು. ಅದಕ್ಕೆ ಬರೀ ಪ್ರೈಮರ್ ಬಳಿದು ಹಾಗೇ ಬಿಟ್ಟಿದ್ದರು. ಕಾಸರಗೋಡಿನಲ್ಲಿ ಬೇಕಾದಷ್ಟು ನೀಲಿ ಸಿಗುವಾಗ ಇವರು ಯಾಕೆ ಕಾದರು ಎಂದು ಅವನಿಗೆ ಒಂದು ಕ್ಷಣ ಅನ್ನಿಸಿತು. ಯೋಚಿಸಲು ಪುರುಸೊತ್ತಾಗಲಿಲ್ಲ, ಏಕೆಂದರೆ ಗೇಟಿನಾಚೆ ಅಂಗಳದ ತುಂಬ ಜನ ಇದ್ದರು.

“ಹುಡುಗಿ ನೋಡುವುದಕ್ಕೆ ಇಷ್ಟು ಜನವಾ?” ಎಂದಳು ಪಂಕಜಾಕ್ಷಿ.

ಜನ ಹುಡುಗಿಯನ್ನು ನೋಡಲಿಕ್ಕೆ ಬಂದವರಾಗಿರಲಿಲ್ಲ. ಚಾವಡಿಯ ನಡುವೆ ಚಾಪೆ ಹಾಸಿ, ಅದರ ಮೇಲೆ ಒಂದು ಮದ್ದಳೆ ಇಟ್ಟಿತ್ತು. ಪಕ್ಕದಲ್ಲಿ ನೆರೆಮನೆಯ ಈಶ್ವರಪ್ರಸಾದ ಜಾಗಟೆ ಹಿಡಿದು ಕುಳಿತಿದ್ದರು. ಅವರು ಸಂಘದ ಆಟಗಳಲ್ಲಿ ಪದ ಹಾಡುವ ಭಾಗವತಿಕೆ ಮಾಡುವವರು, ತಾಳದ ವಿಷಯದಲ್ಲಿ ಆ ಊರಿನ ಸುಪ್ರೀಂ ಕೋರ್ಟು.

ಮಹಾಲಿಂಗರು ಶ್ಯಾಮನ ಕೈ ಹಿಡಿದು ಕರೆದೊಯ್ದರು. “ಇಂಗ್ಲಿಷ್ ಆಮೇಲೆ ನೋಡುವ. ಮೊದಲು ನಿಮ್ಮ ಮದ್ದಳೆ ಆಗಲಿ. ಇವರೆಲ್ಲ ಅದಕ್ಕೇ ಬಂದದ್ದು.”

ಶ್ಯಾಮ ಅಕ್ಕನನ್ನು ನೋಡಿದ. ಅಕ್ಕ ಅವನನ್ನು ನೋಡಿದಳು. “ನೀನು ಯಾವಾಗ ಮದ್ದಳೆ ಕಲಿತದ್ದು?” ಎಂದು ಕಣ್ಣಿನಲ್ಲೇ ಕೇಳಿದಳು. ನಿನ್ನೆ ಮೊನ್ನೆ, ಕುಂಞನ ಬಾಯಲ್ಲಿ ಎಂದು ಹೇಳುವ ಹಾಗಿರಲಿಲ್ಲ. ಬಾಗಿಲಲ್ಲಿ ಶಂಕರಿ ನಿಂತಿದ್ದಳು, ಸಾಲ ವಸೂಲಿಗೆ ಬಂದವರನ್ನು ನೋಡುವ ಹಾಗೆ ನೋಡುತ್ತಾ.

ಬಾರದು ಎಂದರೆ ಸುಳ್ಳುಗಾರ. ಬರುತ್ತದೆ ಎಂದರೆ ಮೇಳದವನು. ಶ್ಯಾಮ ಮದ್ದಳೆಯ ಮುಂದೆ ಕುಳಿತ. ಜೀವಮಾನದಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ಒಂದು ಪಾಠ. ಕಣ್ಣು ಮುಚ್ಚಿ ಮನಸ್ಸಿನಲ್ಲಿ ‘ವೇಯ್ಟ್’ ಎಂದುಕೊಂಡು ಅಂಗೈ ಎತ್ತಿದ.

ಧೋಂ. ಟಿಣ್. ಟಕ ಟಕ. ಧಡ್.

ಈಶ್ವರಪ್ರಸಾದರು ಜಾಗಟೆ ಎತ್ತಿದವರು ಎತ್ತಿದ ಹಾಗೆಯೇ ಉಳಿದರು. ಎಲ್ಲಿ ಹೊಡೆಯಬೇಕೆಂದು ಅವರಿಗೆ ಗೊತ್ತಾಗಲಿಲ್ಲ. ಶ್ಯಾಮನ ಮನಸ್ಸು ಸಾಲಿನ ಮುಂದಿನ ಶಬ್ದಕ್ಕೆ ಬಂತು, ‘ಬಿಲಾಂಗ್’. ಕೈ ತಡವರಿಸಿ ಧೋಂ ಎಂದಿತು.

ಅಡುಗೆ ಮನೆಯಿಂದ ಹಿತ್ತಾಳೆಯ ಲೋಟದ ಸದ್ದು ಬಂತು. ಟಕ ಟಕ.

ಶ್ಯಾಮ ಬೆಚ್ಚಿದ. ಹೌದಲ್ಲ, ಬಿಲಾಂಗ್ ಟು! ತಿದ್ದಿ ಬಾರಿಸಿದ, ಟಕ ಟಕ. ಮುಂದಿನದು ‘ಲಾಫ್’. ಧಡ್ ಎಂದ.

ಒಳಗಿನಿಂದ ಟಿಣ್.

ಅಂಗಳದವರಿಗೆ ಹುಡುಗಿ ಒಳಗೆ ತಾಳ ಹಿಡಿಯುತ್ತಿದ್ದಾಳೆ ಎಂದು ಸಂತೋಷವೋ ಸಂತೋಷ. ಶ್ಯಾಮನ ಮೈಮೇಲೆ ಮಾತ್ರ ರೋಮ ನಿಂತಿತು. ಮಂಗಲ್ಪಾಡಿಯ ಆ ಹಳೆಯ ಬೆಂಚು, ಸೀಮೆಸುಣ್ಣದ ವಾಸನೆ, ಕಿಟಕಿಯಾಚೆಯ ಸಂಜೆ ಎಲ್ಲ ಈ ಮನೆಯ ಅಡುಗೆ ಕೋಣೆಗೆ ಹೇಗೆ ಬಂತು? ಅವನು ಬಾರಿಸಿದ, ಒಳಗಿನಿಂದ ಉತ್ತರ ಬಂತು, ತಪ್ಪಿದ, ತಿದ್ದಿತು. ಅವನಿಗೆ ಹೆದರಿಕೆ ಮರೆತುಹೋಯಿತು. ಟೀಚರ್ ಬಸ್ಸು ಹತ್ತಿ ಹೋದ ಮೇಲೆ ಇಷ್ಟು ಸುಖವಾಗಿ ಅವನು ಯಾವತ್ತೂ ತಪ್ಪಿರಲಿಲ್ಲ.

ಮುಗಿದಾಗ ಈಶ್ವರಪ್ರಸಾದರು ನಿಟ್ಟುಸಿರು ಬಿಟ್ಟರು. “ಇದು ಈಗಿನವರ ಬಾಬ್ತಲ್ಲ” ಎಂದು ತೀರ್ಪು ಕೊಟ್ಟರು. “ಏಳರ ತಾಳಕ್ಕೂ ಕೂಡುವುದಿಲ್ಲ, ಎಂಟರ ತಾಳಕ್ಕೂ ಕೂಡುವುದಿಲ್ಲ. ಬಹಳ ಹಳೆಯ ಕ್ರಮ. ನನ್ನ ಅಜ್ಜ ಹೇಳ್ತಿದ್ದರು, ಇಂಥದ್ದೊಂದು ಇತ್ತು, ಕಳೆದುಹೋಯಿತು ಅಂತ. ಇವತ್ತು ಕೇಳಿದೆ.”

ಮಹಾಲಿಂಗರು ಕಣ್ಣೊರೆಸಿಕೊಂಡರು. ಆಗ ಶಂಕರಿ ಹೊಸ್ತಿಲು ದಾಟಿ ಬಂದಳು.

“ಅಣ್ಣ, ಸಾಕು. ಇಷ್ಟು ದೊಡ್ಡ ವಿದ್ವಾಂಸರನ್ನು ಮೇಳದವರು ಬಿಡ್ತಾರಾ? ನನಗೆ ಮಗಳನ್ನು ಕೊಡಲಿಕ್ಕಿಲ್ಲ. ಕಾಫಿ ಕುಡಿದು ಹೋಗಲಿ.”

ಪಂಕಜಾಕ್ಷಿ ಸೆರಗು ಸರಿ ಮಾಡಿಕೊಂಡು ಎದ್ದೇ ಬಿಟ್ಟಳು. ಅವಳಿಗೆ ಅಭ್ಯಾಸವಾಗಿತ್ತು. ಆದರೆ ಶ್ಯಾಮ ಏಳಲಿಲ್ಲ.

“ಅಮ್ಮ, ನನಗೆ ಮದ್ದಳೆ ಬರುವುದಿಲ್ಲ” ಎಂದ.

ಅಂಗಳದಲ್ಲಿ ಗುಸುಗುಸು ಎದ್ದಿತು. ಮಹಾಲಿಂಗರು ಮುಂದೆ ಬಾಗಿದರು. “ಹಾಗಾದರೆ ಈಗ ಬಾರಿಸಿದ್ದು ಎಂತ?”

“ಇಂಗ್ಲಿಷ್” ಎಂದ ಶ್ಯಾಮ.

ಈಶ್ವರಪ್ರಸಾದರು ಜಾಗಟೆಯನ್ನು ಚೀಲಕ್ಕೆ ಹಾಕಿದರು. ಅಜ್ಜನ ಹೆಸರು ತೆಗೆದಾದ ಮೇಲೆ ಅವರಿಗೆ ಹಿಂದೆ ಹೋಗುವ ದಾರಿಯಿರಲಿಲ್ಲ. “ಯಾವ ಭಾಷೆಯಾದರೂ ತಾಳ ಹಳೆಯದ್ದೇ” ಎಂದು ಗೊಣಗಿ ಗೋಡೆಗೆ ಒರಗಿದರು.

ಶ್ಯಾಮ ಎಲ್ಲ ಹೇಳಿದ. ಬೆಂಚು, ಟೀಚರ್, ಪೈಂಟ್ ಡಬ್ಬ, ಕುಂಞ, ‘ಸ್ವಲ್ಪ’. ಹೇಳುವಾಗ ತಲೆ ಎತ್ತಲಿಲ್ಲ. ಮಹಾಲಿಂಗರ ಮುಖದ ಮೇಲೆ ಆಟ ಅರ್ಧಕ್ಕೆ ನಿಂತ ಬೇಸರ ಬಂದು ಕುಳಿತಿತು.

“ಮದ್ದಳೆ ಸುಳ್ಳು. ಇನ್ನು ಇಂಗ್ಲಿಷೂ ಸುಳ್ಳಾ ಅಂತ ನೋಡಿಯೇ ಬಿಡುವ” ಎಂದರು. “ನೀವು ಇಲ್ಲಿಗೆ ಯಾಕೆ ಬಂದದ್ದು, ಒಂದೇ ವಾಕ್ಯ. ಇಂಗ್ಲಿಷಿನಲ್ಲಿ. ಕೈ ಆಡಿಸಿಯಾದರೂ ಹೇಳಿ, ಆಡಿಸದೆಯಾದರೂ ಹೇಳಿ. ಸಣ್ಣ ಶಬ್ದ ತಪ್ಪಿದರೆ ಕಾಸರಗೋಡಿಗೆ ಈಗ ಒಂದು ಬಸ್ಸುಂಟು.”

ಶ್ಯಾಮ ಎದ್ದು ನಿಂತ.

“ಐ ವಾಂಟ್…” ಎರಡು ಬೆರಳು ತೊಡೆಯನ್ನು ಮುಟ್ಟಿದವು. “…ಟು ಮ್ಯಾರಿ…”

ಅಲ್ಲಿಗೆ ದಾರಿ ಮುಗಿಯಿತು. ಮ್ಯಾರಿ ಆದ ಮೇಲೆ ಎಂತ? ಕನ್ನಡದಲ್ಲಾದರೆ ವಸುಮತಿ‘ಯನ್ನು’. ಇಂಗ್ಲಿಷಿನಲ್ಲಿ ವಸುಮತಿಯ ಜೊತೆಯಾ, ವಸುಮತಿಗಾ, ವಸುಮತಿಯ ಮೇಲಾ? ಅವನು ಒಳಗಿನ ಲೋಟಕ್ಕಾಗಿ ಕಿವಿಗೊಟ್ಟ. ಧೋಂ ಇಲ್ಲ. ಟಿಣ್ ಇಲ್ಲ. ಇಷ್ಟು ಹೊತ್ತು ಪ್ರತಿ ತಪ್ಪಿಗೂ ಉತ್ತರ ಕೊಟ್ಟ ಅಡುಗೆ ಮನೆ ಈಗ ಒಂದು ಚಮಚದ ಸದ್ದೂ ಇಲ್ಲದೆ ಕುಳಿತಿತ್ತು.

ಅವಳಿಗೂ ಬೇಡವಾಯಿತು, ಎಂದುಕೊಂಡ ಶ್ಯಾಮ. ಮದ್ದಳೆಯ ಸುಳ್ಳು ಕೇಳಿದ ಮೇಲೆ ಯಾರಿಗೆ ತಾನೇ ಬೇಕು? ಹೋಗುವ ಮೊದಲು ಒಮ್ಮೆ ಮುಖ ನೋಡಿ ಹೋಗುವ ಎಂದು ಅವನು ಅಡುಗೆ ಮನೆಯ ಬಾಗಿಲ ಕಡೆ ಕತ್ತು ಚಾಚಿದ.

ವಸುಮತಿ ಬಾಗಿಲ ಸಂದಿಯಲ್ಲಿ ನಿಂತಿದ್ದಳು. ಲೋಟ ಕೆಳಗಿಟ್ಟಿದ್ದಳು. ಎರಡೂ ಕೈಯನ್ನು ಎದೆಗೆ ಬಿಗಿಯಾಗಿ ಕಟ್ಟಿ, ತುಟಿ ಬಿಗಿದು, ಉಸಿರು ಹಿಡಿದು, ಅವನನ್ನೇ ನೋಡುತ್ತಿದ್ದಳು. ಶಾಲೆಯ ಬೆಂಚಿನಲ್ಲಿ ಕುಳಿತ ಮಗುವಿನ ಹಾಗೆ.

ಕೈ ಕಟ್ಟಿ!

ಹುಡುಗಿಯರು ಕಿಸಕ್ಕೆಂದು ನಕ್ಕ ಶಬ್ದ ಯಾವುದೆಂದು ಶ್ಯಾಮನಿಗೆ ಆಗ ನೆನಪಾಯಿತು. ತಾನು ಬೆಂಚಿನ ಮೇಲೆ ನಿಂತಿದ್ದದ್ದೂ, ಟೀಚರ್ ನಗು ತಡೆಯುತ್ತಾ ಡಸ್ಟರು ಕುಟ್ಟಿದ್ದೂ ನೆನಪಾಯಿತು. ಅವನು ನಿಧಾನವಾಗಿ ಎರಡೂ ಕೈ ಎತ್ತಿ ಎದೆಗೆ ಕಟ್ಟಿಕೊಂಡ. ಬದುಕಿನಲ್ಲಿ ಮೊದಲ ಸಲ ಆ ಕೈ ಮುಂದೆ ಹೋಗಲಿಲ್ಲ.

“ಐ ವಾಂಟ್ ಟು ಮ್ಯಾರಿ ವಸುಮತಿ” ಎಂದ.

ಮಹಾಲಿಂಗರು ಹುಬ್ಬು ಗಂಟಿಕ್ಕಿದರು. “ನಡುವೆ ಒಂದು ‘ವಿತ್’ ಬೇಡವಾ? ಬೊಂಬಾಯಿಯಲ್ಲಿ ನಾವೆಲ್ಲ ವಿತ್ ಹಾಕ್ತಿದ್ದೆವು.”

“ಬೇಡ ಮಾವ” ಎಂದು ಒಳಗಿನಿಂದ ಸ್ವರ ಬಂತು. “ಅವರು ಹೇಳಿದ್ದೇ ಸರಿ. ಇಲ್ಲಿಯ ಶಾಲೆಯಲ್ಲಿ ಉರ್ಸುಲಾ ಟೀಚರ್ ನಮಗೂ ಹಾಗೆಯೇ ಕಲಿಸಿದ್ದು.”

ಒಳನಾಡಿನ ಆ ‘ಯಾವುದೋ ಶಾಲೆ’ ನೆಕ್ರಾಜೆಯ ಬದಿಯದ್ದೇ ಆಗಿತ್ತು. ಪೈಂಟ್ ಅಂಗಡಿಯಲ್ಲಿ ಮೊದಲ ಧೋಂ ಕೇಳಿದಾಗಲೇ ಅವಳಿಗೆ ಗೊತ್ತಾಗಿತ್ತು. ಭುಜ ಅಲುಗಿದ್ದು ಮೆಚ್ಚುಗೆಯಿಂದಲ್ಲ, ನಗುವಿನಿಂದ. ಆದರೆ ಆ ನಗುವಿನಲ್ಲಿ ಮೆಚ್ಚುಗೆ ಇರಲೇ ಇಲ್ಲ ಎನ್ನಲು ಪ್ರೈಮರಿನಲ್ಲೇ ಕಾದುಕೊಂಡಿದ್ದ ಗೇಟು ಒಪ್ಪುವುದಿಲ್ಲ.

ಶಂಕರಿಗೆ ವಿತ್ತಿನ ಚಿಂತೆ ಇರಲಿಲ್ಲ. ಅವಳು ಶ್ಯಾಮನ ಹತ್ತಿರ ಬಂದು ಕೇಳಿದಳು, “ಮೇಳಕ್ಕೆ ಹೋಗುವುದಿಲ್ಲ ಅಲ್ಲವಾ?”

“ಇಲ್ಲ ಅಮ್ಮ. ಪೈಂಟ್ ಅಂಗಡಿ ಮಾತ್ರ.”

“ಪೈಂಟ್ ಅಂಗಡಿಯಾದರೆ ಸಂಜೆ ಮನೆಗೆ ಬರಬಹುದು” ಎಂದಳು ಶಂಕರಿ. “ಈ ಕಾಫಿ ತಣಿಯಿತು. ಬೇರೆ ಮಾಡ್ತೇನೆ.”

ಪಂಕಜಾಕ್ಷಿ ಎದ್ದವಳು ಪುನಃ ಕುಳಿತಳು, ಕುಳಿತು ಅತ್ತಳು. ಅವಳ ಲೆಕ್ಕದಲ್ಲಿ ‘ಓ’ ಇಲ್ಲದೆ ಮುಗಿದ ಮೊದಲ ಮನೆ ಅದು.

ಮದುವೆಗೆ ಮೊದಲು ಇಬ್ಬರೂ ಕರೆಯಲಿಕ್ಕೆ ಹೋದದ್ದು ಉರ್ಸುಲಾ ಟೀಚರ ಮನೆಗೆ. ನಿವೃತ್ತರಾಗಿ ಅವರು ಮಂಗಲ್ಪಾಡಿಗೆ ಮರಳಿದ್ದರು. ಕಿವಿ ಮಂದವಾಗಿತ್ತು, ಕಣ್ಣಿಗೆ ದಪ್ಪ ಕನ್ನಡಕ ಬಂದಿತ್ತು. “ಯಾರು? ಯಾವ ಬ್ಯಾಚು?” ಎಂದು ಕೇಳುತ್ತಲೇ ಇದ್ದರು. ಎಷ್ಟು ಕೂಗಿದರೂ ಹೆಸರು ತಲುಪಲಿಲ್ಲ. ಕೊನೆಗೆ ಶ್ಯಾಮ ಅವರ ಎದುರಿನ ಮೇಜಿನ ಮೇಲೆ ಬಾರಿಸಿದ. ಟೀಚರ್ ಮೇಜಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಮುಖದಲ್ಲಿ ಒಂದೊಂದೇ ಸುಕ್ಕು ಬಿಚ್ಚಿಕೊಂಡಿತು.

“ಲಾಫ್ ಈಗಲೂ ತಪ್ಪು ಪುತಾ” ಎಂದರು. “ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ಸಾಕಾಗಲಿಲ್ಲ.”

ಶ್ಯಾಮನಿಗೆ ಅಳು ಬಂತು. ಈ ಸಲ ಅದನ್ನು ಮುಚ್ಚಿಡಲು ಅವನು ಹೋಗಲಿಲ್ಲ.

ಮದುವೆಗೆ ಟೀಚರ್ ಕೊಡೆ ಊರಿಕೊಂಡು ಬಂದರು. ಕುಂಞನೂ ಬಂದಿದ್ದ. ಮದ್ದಳೆಯ ವಿಷಯ ಸುಳ್ಳೆಂದು ಅವನಿಗೆ ಎಷ್ಟು ಹೇಳಿದರೂ, “ದೊಡ್ಡವರು ಹಾಗೇ ಹೇಳುದು” ಎಂದು ಎಲ್ಲರಿಗೂ ಕಣ್ಣು ಮಿಟುಕಿಸುತ್ತಿದ್ದ. ಊಟಕ್ಕೆ ಮುಂಚೆ ಫೋಟೋ ತೆಗೆಯುವವನು ಮದುಮಕ್ಕಳನ್ನು ನೀಲಿ ಗೇಟಿನ ಎದುರು ನಿಲ್ಲಿಸಿದ. ಟೀಚರನ್ನು ಕಂಡು ಮರ್ಯಾದೆಯಿಂದ, “ಬಾಯಮ್ಮ, ನೀವು ಇಬ್ಬರ ನಡುವೆ ನಿಲ್ಲಿ” ಎಂದ.

ಟೀಚರಿಗೆ ಕೇಳಿಸಲಿಲ್ಲ. ಅವನು ಕೈಸನ್ನೆ ಮಾಡಿ ತೋರಿಸಿದ. ಆಗ ಅವರು ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು, ತಪ್ಪು ಉತ್ತರ ಹೇಳಿದ ಹುಡುಗನನ್ನು ನೋಡುವ ಹಾಗೆ.

“ಈ ಶಬ್ದಕ್ಕೆ ನಡುವೆ ಯಾರೂ ನಿಲ್ಲುವುದಿಲ್ಲ ಪುತಾ” ಎಂದು ಹೇಳಿ ಬದಿಗೆ ಸರಿದರು. ಮತ್ತೆ ಕೊಡೆಯಿಂದ ನೆಲಕ್ಕೆ ಒಂದು ಪೆಟ್ಟು ಹೊಡೆದು ಮದುಮಕ್ಕಳ ಕಡೆ ತಿರುಗಿದರು. “ಕೈ ಕಟ್ಟಿ!”

ಆ ಫೋಟೋ ಈಗಲೂ ಶ್ಯಾಮನ ಮನೆಯ ಗೋಡೆಯಲ್ಲಿ ಉಂಟು. ಬಂದವರೆಲ್ಲ ಕೇಳುತ್ತಾರೆ, ಮದುವೆಯ ದಿನ ಗಂಡು ಹೆಣ್ಣು ಯಾಕೆ ಹೀಗೆ ಶಾಲೆಯ ಮಕ್ಕಳ ಹಾಗೆ ಕೈ ಕಟ್ಟಿ ನಿಂತದ್ದು ಎಂದು. ಶ್ಯಾಮ ವಸುಮತಿಯನ್ನು ನೋಡುತ್ತಾನೆ, ವಸುಮತಿ ಆಚೆ ತಿರುಗುತ್ತಾಳೆ, ಅವಳ ಭುಜ ಅಲುಗುತ್ತದೆ.